ಕ್ಲಿಯರ್ಲಿ ಎಂಬ ಪದ

ಕಳೆದ ವಾರ ಕೊರಿಯರಿನಲ್ಲಿ ಒಂದು ಸುರುಳಿ ಬಂತು. ಬಿಚ್ಚಿದರೆ ಹಳೆಯ ಗೋಡೆ ಕ್ಯಾಲೆಂಡರಿನ ಹಾಳೆಗಳು. ಒಂದು ಬದಿಯಲ್ಲಿ ದಪ್ಪ ತಾರೀಖು, ಏಕಾದಶಿ, ರಾಹುಕಾಲ, 'ಗ್ಯಾಸ್ ಬಂತು' ಎಂದು ಯಾರೋ ಬರೆದುಕೊಂಡದ್ದು. ಇನ್ನೊಂದು ಬದಿಯ ತುಂಬ ನೀಲಿ ಶಾಯಿಯ ಸಮೀಕರಣಗಳು. ಕಳಿಸಿದವರ ಹೆಸರು ನೋಡುವ ಮೊದಲೇ ಗೊತ್ತಾಯಿತು. ಕ್ಯಾಲೆಂಡರಿನ ಬೆನ್ನಿನ ಮೇಲೆ ಗಣಿತ ಮಾಡುತ್ತಿದ್ದವರು ನಮ್ಮ ಮೇಷ್ಟ್ರು ಒಬ್ಬರೇ...

ಅವರು ವಿಜಯನಗರದ ಕಾಲೇಜೊಂದರಲ್ಲಿ ಪಾಠ ಮಾಡುತ್ತಿದ್ದರು. ಭೌತಶಾಸ್ತ್ರದವರು ಅವರನ್ನು ಗಣಿತದವರು ಎನ್ನುತ್ತಿದ್ದರು, ಗಣಿತದವರು ಭೌತಶಾಸ್ತ್ರದವರು ಎನ್ನುತ್ತಿದ್ದರು. ಹೀಗಾಗಿ ಸ್ಟಾಫ್ ರೂಮಿನಲ್ಲಿ ಅವರ ಕುರ್ಚಿ ಕೊನೆಯವರೆಗೂ ಬಾಗಿಲ ಪಕ್ಕದಲ್ಲೇ ಉಳಿಯಿತು. ಅವರಿಗೆ ಆಗದ ಪದ ಒಂದೇ, 'ಕ್ಲಿಯರ್ಲಿ'. ಉತ್ತರ ಪತ್ರಿಕೆಯಲ್ಲಿ ಕಾರಣ ಕೊಡದೆ, ಸ್ಪಷ್ಟವಾಗಿಯೇ ಇದೆಯಲ್ಲ ಎಂಬಂತೆ ಹಾಗೆ ಬರೆದು ಮುಂದಿನ ಸಾಲಿಗೆ ಹಾರಿದವರಿಗೆ ಅಲ್ಲೇ ಕೆಂಪು ಗೆರೆ ಬೀಳುತ್ತಿತ್ತು.

“ಯಾರಿಗಮ್ಮಾ ಕ್ಲಿಯರ್? ನಂಗಿನ್ನೂ ಆಗಿಲ್ಲ.”

ಒಂದೇ ಸಮ ದಪ್ಪ ಇಲ್ಲದ ತಂತಿಯನ್ನು ಮೀಟಿದರೆ ಅದು ಹೇಗೆ ಕಂಪಿಸುತ್ತದೆ ಎಂಬುದರ ಬಗ್ಗೆ ಅವರೊಂದು ಪ್ರಮೇಯವನ್ನು ಸಾಧಿಸಿದ್ದರು. ಹನ್ನೊಂದು ವರ್ಷಗಳ ಕೆಲಸ. ನಿವೃತ್ತಿಯ ದಿನ ಅದರ ಮೇಲೆಯೇ ಅವರ ಕೊನೆಯ ಉಪನ್ಯಾಸ ಇತ್ತು. ಅವರ ಬಳಿ ಪಿಎಚ್.ಡಿ. ಮಾಡುತ್ತಿದ್ದ ನಾನು ಅದಕ್ಕೆ ಒಂದು ವಾರ ಮೊದಲು, ಸ್ವಾಗತ ಭಾಷಣಕ್ಕೆಂದು ಆ ಪ್ರಮೇಯದ ಪ್ರಬಂಧ ಓದುತ್ತಾ ಕೂತಿದ್ದೆ. ಒಂಬತ್ತನೇ ಪುಟದಲ್ಲಿ ನಗು ಬಂತು. ಸಾಕ್ಷಾತ್ ಮೇಷ್ಟ್ರೇ 'ಕ್ಲಿಯರ್ಲಿ' ಎಂದು ಬರೆದಿದ್ದರು! ಕೆಳಗಿನ ಸಾಲು ನೋಡಿದೆ, ನಗು ನಿಂತಿತು. ಸೊನ್ನೆಯಾಗಬಹುದಾದ ಒಂದು ಬೆಲೆಯಿಂದ ಅವರು ಭಾಗಿಸಿದ್ದರು. ಹಾಗೆ ಮಾಡಬಾರದೆಂದು ಹೈಸ್ಕೂಲಿನಲ್ಲೇ ಕಲಿಸುತ್ತಾರೆ.

ಮೂರು ದಿನ ಒದ್ದಾಡಿ ರಾಜಾಜಿನಗರದ ಅವರ ಮನೆಗೆ ಹೋದೆ. ಒಂಬತ್ತನೇ ಪುಟ ತೆರೆದು ಅವರ ಮುಂದಿಟ್ಟೆ. ಮೇಷ್ಟ್ರು ಎದ್ದು ಗೋಡೆಯ ಕ್ಯಾಲೆಂಡರಿನಿಂದ ಒಂದು ಹಾಳೆ ಹರಿದು, ಮಗುಚಿ ಬರೆಯತೊಡಗಿದರು.

“ಅಯ್ಯೋ, ಈ ತಿಂಗಳು ಇನ್ನೂ ಮುಗ್ದಿಲ್ಲ ರೀ!” ಎಂದು ಅವರ ಹೆಂಡತಿ ಕೂಗಿದ್ದು ಅವರಿಗೆ ಕೇಳಿಸಲಿಲ್ಲ.

ಒಂದು ಗಂಟೆಯ ನಂತರ ಪೆನ್ನು ಕೆಳಗಿಟ್ಟು, “ಪ್ರಮೇಯ ಬಿದ್ದೋಯ್ತು ಕಣಮ್ಮ,” ಎಂದರು.

“ಉಪನ್ಯಾಸದಲ್ಲಿ ಬೇರೆ ಏನಾದ್ರೂ ಮಾತಾಡಿ ಸಾರ್. ಯಾರಿಗೂ ಗೊತ್ತಾಗಲ್ಲ.”

“ನಿಂಗೆ ಗೊತ್ತಾಯ್ತಲ್ಲ.”

ನಿವೃತ್ತಿಯ ದಿನ ಮೈಸೂರು ಪೇಟ, ಹಾರ ಹಾಕಿಸಿಕೊಂಡೇ ಬೋರ್ಡಿನ ಹತ್ತಿರ ಹೋದರು. ತಮ್ಮ ಪ್ರಮೇಯವನ್ನು ಬರೆದರು. ಅದರ ಮೇಲೆ ಕೆಂಪು ಸೀಮೆಸುಣ್ಣದಲ್ಲಿ ಗೆರೆ ಎಳೆದು, ಪಕ್ಕದಲ್ಲಿ ನನ್ನ ಹೆಸರು ಬರೆದರು. “ಕ್ಲಿಯರ್ಲಿ ಅಂತ ಬರ್ದು ತಪ್ಪಿಸ್ಕೊಂಡಿದ್ದೆ. ಈ ಹುಡುಗಿ ಹಿಡಿದ್ಲು.” ಆಮೇಲೆ ತಮ್ಮ ಹನ್ನೊಂದು ವರ್ಷ ಎಲ್ಲಿ, ಹೇಗೆ ಕುಸಿಯಿತು ಎಂದು ಸಾಲು ಸಾಲಾಗಿ ವಿವರಿಸಿದರು. ಎಂಥ ಖುಷಿ ಆ ಮುಖದಲ್ಲಿ! ಪ್ರಿನ್ಸಿಪಾಲರು ನೆಲ ನೋಡುತ್ತಿದ್ದರು. ನಾನು ಅಳುತ್ತಿದ್ದೆ. ಮನುಷ್ಯ ಇಷ್ಟು ಎತ್ತರಕ್ಕೆ ಬೆಳೆಯಬಹುದೆಂದು ಅವತ್ತಿನವರೆಗೂ ನನಗೆ ಗೊತ್ತಿರಲಿಲ್ಲ.

ಈಗ ನಾನೂ ಪಾಠ ಮಾಡುತ್ತೇನೆ, ಕೆಂಗೇರಿ ಉಪನಗರದಲ್ಲಿದ್ದೇನೆ. ಹೋಗಿ ಮೇಷ್ಟ್ರನ್ನು ನೋಡಬೇಕು ಅಂದುಕೊಳ್ಳುತ್ತಲೇ ವರ್ಷಗಳು ಕಳೆದವು. ಮೆಟ್ರೋ ಬಂದ ಮೇಲೂ ಹೋಗಲಿಲ್ಲ...

ಸುರುಳಿ ಕಳಿಸಿದ್ದು ಅವರ ಹೆಂಡತಿ. ಫೋನ್ ಮಾಡಿದೆ. “ಹೋದ ತಿಂಗಳು ಹೋಗ್ಬಿಟ್ರಮ್ಮ. ಇದು ನಿಂದೇ ಅಂತಿದ್ರು.”

ಹಾಳೆಗಳನ್ನು ತಿಂಗಳ ಪ್ರಕಾರ ಜೋಡಿಸಿದೆ. ನಿವೃತ್ತಿಯಾದಾಗಿನಿಂದ ಅವರು ಬಿದ್ದದ್ದನ್ನು ಮತ್ತೆ ಕಟ್ಟುತ್ತಲೇ ಇದ್ದರು. ಕೊನೆಯ ಹಾಳೆ ಹೋದ ಆಷಾಢದ್ದು. ಅರ್ಧಕ್ಕೆ 'ಕ್ಲಿಯರ್ಲಿ' ಎಂದು ಬರೆದು, ತಾವೇ ಕೆಂಪು ಗೆರೆ ಎಳೆದು, ಕೆಳಗೆ ಕನ್ನಡದಲ್ಲಿ ಬರೆದಿದ್ದಾರೆ: 'ನನಗೆ ಕ್ಲಿಯರ್ ಆಗುತ್ತಿಲ್ಲ. ಆ ಹುಡುಗಿ ಬಂದಾಗ ಕೇಳಬೇಕು.'

ಆ ಹುಡುಗಿಯ ತಲೆ ನರೆತಿದೆ ಸಾರ್. ಅವಳು ಬರಲೇ ಇಲ್ಲ.

ಆಮೇಲೆ ಎದ್ದು ಅಡುಗೆಮನೆಯ ಕ್ಯಾಲೆಂಡರಿನಿಂದ ಒಂದು ಹಾಳೆ ಹರಿದು, ಮಗುಚಿ, ಅವರು ನಿಲ್ಲಿಸಿದ ಸಾಲನ್ನು ಮೇಲೆ ಬರೆದುಕೊಂಡೆ. ಈ ತಿಂಗಳು ಇನ್ನೂ ಮುಗಿದಿರಲಿಲ್ಲ.