ಹೋಗದ ಕಲೆಗೆ ಕೆಂಪು ದಾರ

ಬೆಳಗಿನ ಐದೂವರೆ. ಲಾಂಡ್ರಿಯ ಹಿಂದಿನ ಕೋಣೆಯಲ್ಲಿ ಒಂದೇ ದೀಪ ಉರಿಯುತ್ತಿದೆ, ಅದೂ ಮೇಜಿನಿಂದ ಒಂದು ಮೊಳ ಎತ್ತರಕ್ಕೆ ಇಳಿಬಿಟ್ಟದ್ದು. ಅದರ ಕೆಳಗೆ ಯಾರದೋ ಬಿಳಿ ಅಂಗಿ ಅಂಗಾತ ಬಿದ್ದಿದೆ. ಜೇಬಿನಲ್ಲಿದ್ದ ಪೆನ್ನು ಸೋರಿ ಅಂಗೈಯಗಲ ಶಾಯಿ ಹರಡಿದೆ. ದೊಡ್ಡಕ್ಕ ಅಂಗಿಯನ್ನು ಮಗುಚಿ, ಕೆಳಗೊಂದು ಬಿಳಿ ಚಿಂದಿ ಇಟ್ಟು, ಹಿಂಬದಿಯಿಂದ ಹನಿಹನಿಯಾಗಿ ಔಷಧ ಬಿಡುತ್ತಾರೆ. ಬೆರಳ ತುದಿಯಿಂದ ಒತ್ತುತ್ತಾರೆ, ಚಿಂದಿ ಬದಲಿಸುತ್ತಾರೆ, ಮತ್ತೆ ಒತ್ತುತ್ತಾರೆ. ಹನ್ನೊಂದನೆಯ ಚಿಂದಿಯ ಹೊತ್ತಿಗೆ ಶಾಯಿ ಅಂಗಿಯನ್ನು ಬಿಟ್ಟಿದೆ.

“ಉಜ್ಜಬಾರದು ಮೇಡಂ. ಉಜ್ಜಿದ್ರೆ ಇಷ್ಟಿದ್ದದ್ದು ಅಷ್ಟಾಗುತ್ತೆ,” ಎನ್ನುತ್ತಾರೆ, ತಲೆಯೆತ್ತದೆ. ಮೆಲ್ಲನೆಯ ದನಿ, ಕೇಳಬೇಕಾದರೆ ಬಗ್ಗಬೇಕು.

ದೊಡ್ಡಕ್ಕನಿಗೆ ಐವತ್ತೇಳು ವರ್ಷ. ಈ ಲಾಂಡ್ರಿಯ ಹನ್ನೊಂದು ಕೆಲಸಗಾರರಲ್ಲಿ ಕಲೆ ತೆಗೆಯುವವರು ಇವರೊಬ್ಬರೇ. ಇಸ್ತ್ರಿ ವಿಭಾಗಕ್ಕೆ ಸೇರಿ, ಎರಡು ವರ್ಷ ಬಿಟ್ಟು ಈ ಮೇಜಿಗೆ ಬಂದವರು ಇಲ್ಲೇ ಇಪ್ಪತ್ತೊಂಬತ್ತು ವರ್ಷ ನಿಂತಿದ್ದಾರೆ. ದಿನಕ್ಕೆ ಅರವತ್ತರಿಂದ ಎಪ್ಪತ್ತು ಬಟ್ಟೆ. ನೂರಕ್ಕೆ ನಾಲ್ಕು ಕಲೆ ಹೋಗುವುದಿಲ್ಲವಂತೆ. ಔಷಧಗಳಿಂದಾಗಿ ಬೆರಳ ತುದಿಯ ಚರ್ಮ ಬಿರಿದು, ಚಳಿಗಾಲದಲ್ಲಿ ಮನೆಯಲ್ಲಿ ಪಾತ್ರೆ ಮುಟ್ಟಲಾಗುವುದಿಲ್ಲ. ಲಾಂಡ್ರಿಯ ಯಜಮಾನರು ಕೈಗವಸು ಕೊಟ್ಟಿದ್ದಾರೆ, ಇವರು ಅದನ್ನು ಗೂಟಕ್ಕೆ ನೇತು ಹಾಕಿದ್ದಾರೆ. ಬೆರಳಿಗೆ ಬಟ್ಟೆ ತಿಳಿಯಬೇಕಲ್ಲ ಎನ್ನುವುದು ಅವರ ವಾದ.

ವ್ಯಾಪಾರದಲ್ಲಿ, ನೌಕರಿಯಲ್ಲಿ, ಸಂಸಾರದಲ್ಲಿ ಗೆಲ್ಲುವುದು ಹೇಗೆಂದು ಹೇಳಿಕೊಡುವವರಿಗೆ ಈಗ ಬರವಿಲ್ಲ. ಪತ್ರಿಕೆಗೆ ಬರೆಯಲೆಂದು ಅಂಥ ಮೂರು ಶಿಬಿರಗಳಲ್ಲಿ ಕುಳಿತು ಎದ್ದು ಬಂದವಳು ನಾನು. ಆಕಳಿಕೆ ಬಿಟ್ಟು ಬೇರೇನೂ ಗಳಿಸಲಿಲ್ಲ. ಹಾಗಿರುವಾಗ ಪರಿಚಯದ ಹಾರ್ಡ್‌ವೇರ್ ಅಂಗಡಿಯವರು, “ನನ್ನ ಅಂಗಡಿ ಉಳಿದದ್ದೇ ಲಾಂಡ್ರಿಯ ಆ ಹೆಂಗಸಿನಿಂದ,” ಎಂದಾಗ ನಗು ಬಂತು. ಬಂದು ನೋಡಿದ ಮೇಲೆ ನಗು ನಿಂತಿತು.

ಬಟ್ಟೆ ಕೊಡಲು ಬಂದವರನ್ನು ದೊಡ್ಡಕ್ಕ ಮೂರು ಪ್ರಶ್ನೆ ಕೇಳುತ್ತಾರೆ. ಏನು ಚೆಲ್ಲಿತು? ಯಾವಾಗ? ಆಮೇಲೆ ನೀವೇನು ಮಾಡಿದಿರಿ? ಮೊದಲ ಪ್ರಶ್ನೆಗೇ ಅರ್ಧಕ್ಕರ್ಧ ಜನ ಸುಳ್ಳು ಹೇಳುತ್ತಾರೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಕೇಳುವ ಮುಂಚೆಯೇ “ಬರೀ ಟೀ ಅಷ್ಟೇ, ಬೇರೇನಿಲ್ಲ” ಎನ್ನುವವರೂ ಇದ್ದಾರೆ.

“ಮೂರನೇದೇ ಮುಖ್ಯ,” ಎನ್ನುತ್ತಾರೆ ದೊಡ್ಡಕ್ಕ. “ರಕ್ತ ಆದ್ರೆ ತಣ್ಣೀರಲ್ಲಿ ಹೋಗುತ್ತೆ. ಇವರು ಗಾಬರಿಗೆ ಬಿಸಿನೀರು ಹೊಯ್ತಾರೆ, ಕೂತ್ಕೊಳ್ಳುತ್ತೆ. ಮೇಲೆ ಇಸ್ತ್ರಿ ಹಾಕಿಬಿಟ್ರಂತೂ ಮುಗೀತು. ಚೆಲ್ಲಿದ್ದರಿಂದ ಹಾಳಾದ ಬಟ್ಟೆ ಕಮ್ಮಿ ಮೇಡಂ. ಚೆಲ್ಲಿದ ಮೇಲೆ ಮಾಡಿದ್ದರಿಂದ ಹಾಳಾದದ್ದೇ ಜಾಸ್ತಿ.”

ಹಾರ್ಡ್‌ವೇರ್ ಅಂಗಡಿಯವರ ಕಥೆಯೂ ಅದೇ. ಹೊಸ ಮನೆಯೊಂದಕ್ಕೆ ತಪ್ಪು ಅಳತೆಯ ಪೈಪು ಕಳಿಸಿ, ಗೋಡೆಯೊಳಗೆ ಸೇರಿಹೋಗಲಿ, ಆಮೇಲೆ ಯಾರಿಗೆ ಗೊತ್ತಾಗುತ್ತೆ ಎಂದು ಸುಮ್ಮನಿದ್ದರಂತೆ. ಕೋಟು ಕೊಡಲು ಬಂದವರು ಯಾಕೋ ಬಾಯಿಬಿಟ್ಟರು. “ಗೋಡೆ ಮುಚ್ಚೋಕೆ ಮುಂಚೆ ಫೋನ್ ಮಾಡಿ ಅಣ್ಣ, ಇಲ್ಲೇ ಮಾಡಿ,” ಎಂದು ದೊಡ್ಡಕ್ಕ ಲಾಂಡ್ರಿಯ ಫೋನನ್ನೇ ಕೈಗಿಟ್ಟರು. ಮನೆಯವನು ಬಾಯಿಗೆ ಬಂದಂತೆ ಬೈದ. ಆಮೇಲೆ ತನ್ನ ಇಬ್ಬರು ತಮ್ಮಂದಿರ ಮನೆಗೂ ಅದೇ ಅಂಗಡಿಯಿಂದ ಸಾಮಾನು ತರಿಸಿದ.

ಇಷ್ಟು ಬುದ್ಧಿ ಹೇಳುವ ದೊಡ್ಡಕ್ಕ ತಮ್ಮ ಮನೆಯಲ್ಲಿ ಎಡವಿದ್ದನ್ನು ತಾವೇ ಹೇಳಿಕೊಳ್ಳುತ್ತಾರೆ. ಗಂಡ ಯಂತ್ರ ರಿಪೇರಿ ಮಾಡುವ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. “ಒಂದು ಸಲ ಮೂರು ವಾರ ಅವರ ಅಂಗೀಲಿ ಗ್ರೀಸೇ ಇಲ್ಲ. ಊಟದ ಡಬ್ಬಿ ತಗೊಂಡು ಹೋಗ್ತಾರೆ, ಸಂಜೆ ಬರ್ತಾರೆ, ಅಂಗಿ ಮಾತ್ರ ಹಂಗೇ ಇದೆ. ಕ್ಲೀನಾಗಿರೋ ಅಂಗಿ ನೋಡಿ ನಂಗೆ ಜೀವ ಹೋದ ಹಂಗಾಯ್ತು.” ಕೆಲಸ ಹೋಗಿತ್ತು. ಹೇಳಲು ನಾಚಿಕೆಯಾಗಿ ಅವರು ದಿನವಿಡೀ ಬಸ್ ನಿಲ್ದಾಣದಲ್ಲಿ ಕೂರುತ್ತಿದ್ದರು.

ಆಮೇಲೆ ನೀವೇನು ಮಾಡಿದಿರಿ ಎಂದು ಕೇಳಿದೆ. ದೊಡ್ಡಕ್ಕ ನಕ್ಕರು, ಆದರೆ ಕಣ್ಣು ನಗಲಿಲ್ಲ. “ಅವರ ಅಣ್ಣ, ಅತ್ತಿಗೆ ಎದುರಿಗೇ ಕೂಗಾಡಿದೆ. ಗಾಯದ ಮೇಲೆ ಬರೆ ಎಳೆದೆ. ನಾಲ್ಕು ತಿಂಗಳು ಮಾತಾಡಲಿಲ್ಲ ನಮ್ಮನೆಯವರು. ಒಬ್ಬರೇ ಇದ್ದಾಗ ಕೇಳಿದ್ರೆ ಅವತ್ತೇ ಹೇಳ್ತಿದ್ರೇನೋ.” ಈಗ ಆತ ಸೈಕಲ್ ರಿಪೇರಿ ಮಾಡುತ್ತಾರೆ. ಅಂಗಿಯ ತುಂಬ ಗ್ರೀಸು.

ನಾನು ಹೋದ ದಿನ ಲಾಂಡ್ರಿಯಲ್ಲಿ ಯಾರ ಮುಖದಲ್ಲೂ ಗೆಲುವಿಲ್ಲ. ಊರಿನ ದೊಡ್ಡ ಹೋಟೆಲೊಂದು ನಲವತ್ತು ಮೇಜುಬಟ್ಟೆ ಕಳಿಸಿ ಪರೀಕ್ಷೆಗಿಟ್ಟಿದೆ. ಒಪ್ಪಿಗೆಯಾದರೆ ವರ್ಷವಿಡೀ ಕೆಲಸ. ಆಗದಿದ್ದರೆ ಮೂವರನ್ನು ಕೆಲಸದಿಂದ ಬಿಡಿಸಬೇಕಾಗುತ್ತದೆಂದು ಯಜಮಾನರು ಹೇಳಿಯಾಗಿದೆ. ಹತ್ತು ಗಂಟೆಗೆ ಹೋಟೆಲಿನ ಮೇಲ್ವಿಚಾರಕಿ ಬರುತ್ತಾರೆ. ಮೂವತ್ನಾಲ್ಕು ಬಟ್ಟೆ ಹಾಲಿನಂತಿವೆ. ಆರರಲ್ಲಿ ಮಾತ್ರ ಕಂದು ಕಲೆ ಉಳಿದಿದೆ; ಇನ್ನೂ ಔಷಧ ಬಿಟ್ಟರೆ ಬಟ್ಟೆಯೇ ತೂತಾಗುತ್ತದೆ. ಕಲೆ ಹೋಗದಿದ್ದರೆ ಅದರ ಪಕ್ಕದಲ್ಲೊಂದು ಕೆಂಪು ದಾರ ಹೊಲಿದು ಕೊಡುವುದು ದೊಡ್ಡಕ್ಕನ ಪದ್ಧತಿ. ಗಿರಾಕಿ ಮನೆಗೆ ಹೋಗಿ ಕಂಡುಹಿಡಿಯಬಾರದು, ನಾವೇ ತೋರಿಸಬೇಕು ಎಂದು.

“ಇವತ್ತೊಂದಿನ ದಾರ ಬೇಡ ದೊಡ್ಡಕ್ಕ,” ಯಜಮಾನರು ಬೇಡಿಕೊಳ್ಳುತ್ತಾರೆ. “ಬಾಯಿ ಬಿಟ್ರೆ ಬಣ್ಣಗೇಡು. ಆರನ್ನೂ ಒಳಮಡಿಕೆ ಮಾಡಿ ಕೆಳಗಿಡೋಣ. ಮೂರು ಮನೆ ಪ್ರಶ್ನೆ.”

“ಮೇಜಿನ ಮೇಲೆ ಹಾಸೋವಾಗ ಬಿಚ್ಚಲ್ವಾ ಯಜಮಾನ್ರೇ? ಬೆಕ್ಕು ಕಣ್ಮುಚ್ಚಿ ಹಾಲು ಕುಡಿದ ಹಂಗಾಗುತ್ತೆ.” ದೊಡ್ಡಕ್ಕನ ಕೈ ಸೂಜಿಗೆ ದಾರ ಪೋಣಿಸುತ್ತಿದೆ. ಬಿಡಿಸುವ ಮೂವರಲ್ಲಿ ತಮ್ಮ ನಾದಿನಿಯೂ ಒಬ್ಬಳು ಎಂಬುದು ಅವರಿಗೆ ಗೊತ್ತಿದೆ. ಆರಕ್ಕೂ ದಾರ ಹೊಲಿದು, ಆರನ್ನೂ ಕಟ್ಟಿನ ಮೇಲಿಡುತ್ತಾರೆ.

ಮೇಲ್ವಿಚಾರಕಿ ಬಂದವರೇ ಕಟ್ಟಿನ ಮೇಲಿದ್ದ ಮೇಜುಬಟ್ಟೆಯ ಮಡಿಕೆ ಬಿಡಿಸುತ್ತಾರೆ. “ಈ ಕಾಫಿ ಕಲೆ ಹೋಗಿಲ್ವಲ್ಲ?” ಯಜಮಾನರು ಗೋಡೆ ನೋಡುತ್ತಾರೆ.

“ಕಾಫಿ ಅಲ್ಲ ಮೇಡಂ, ತುಕ್ಕು,” ಎನ್ನುತ್ತಾರೆ ದೊಡ್ಡಕ್ಕ. “ಆರರಲ್ಲೂ ಅಂಚಿಂದ ಒಂದು ಗೇಣು ಬಿಟ್ಟು ಒಂದೇ ಕಡೆ ಇದೆ ನೋಡಿ. ಒದ್ದೆ ಬಟ್ಟೆ ತಳ್ಳೋ ಗಾಡಿ ಇರುತ್ತಲ್ಲ ನಿಮ್ಮಲ್ಲಿ, ಅದರ ಕಂಬಿ ನೋಡ್ಸಿ. ಬಣ್ಣ ಹೊಡೆಸದಿದ್ರೆ ಯಾರ ಹತ್ತಿರ ಒಗೆಸಿದ್ರೂ ವಾರ ವಾರ ಹಿಂಗೇ ಆಗುತ್ತೆ.”

ಆಕೆ ಬಟ್ಟೆಯ ಮೇಲೆ ಬಟ್ಟೆ ಹಾಸಿ ನೋಡುತ್ತಾರೆ. ಆರು ಕಲೆಗಳೂ ಒಂದರ ಮೇಲೊಂದು ಕೂರುತ್ತವೆ. ಆಕೆ ಬಟ್ಟೆಯ ಅಂಚನ್ನು ಕೆಳಗಿಡುತ್ತಾರೆ. “ಕಾಫಿ ಚೆಲ್ಲಿ ಮುಚ್ಚಿಡ್ತಾಳೆ ಅಂತ ಒಬ್ಬಳನ್ನ ತೆಗೆದುಬಿಟ್ಟೆ ನಾನು. ಹೋದ ತಿಂಗಳು. ‘ನಾನಲ್ಲ’ ಅಂತ ಅತ್ತಳು, ಕೇಳಲಿಲ್ಲ.” ತೀರ್ಮಾನ ಆಮೇಲೆ ತಿಳಿಸುತ್ತೇನೆಂದು ಆಕೆ ಹೊರಟುಹೋಗುತ್ತಾರೆ.

ಒಂದು ವಾರ ಬಿಟ್ಟು ಲಾಂಡ್ರಿಗೆ ಫೋನ್ ಮಾಡಿದೆ. ಯಜಮಾನರ ದನಿಯಲ್ಲಿ ಹಬ್ಬ. ವರ್ಷಕ್ಕಲ್ಲ, ಆರು ತಿಂಗಳಿಗೆ ಕೆಲಸ ಸಿಕ್ಕಿದೆ; ಯಾರನ್ನೂ ಬಿಡಿಸುವುದಿಲ್ಲ. ಕಲೆ ಉಳಿದ ಬಟ್ಟೆಗೆ ದಾರ ಹಾಕಿಯೇ ಕೊಡಬೇಕೆಂದು ಹೋಟೆಲಿನವರು ಕಾಗದದಲ್ಲಿ ಬರೆದಿದ್ದಾರಂತೆ. “ನಾನು ಮೊದಲಿಂದ ಅದನ್ನೇ ಹೇಳ್ತಿದ್ದೆ,” ಎಂದರು ಪುಣ್ಯಾತ್ಮರು. ದೊಡ್ಡಕ್ಕನಿಗೆ ಫೋನ್ ಕೊಡಿಸಿಕೊಂಡು, ಸಂತೋಷವಾಯಿತೇ ಎಂದೆ.

“ಹೂಂ,” ಎಂದರು. ಆಮೇಲೆ, “ಮೇಡಂ, ಆ ಕೆಲಸ ಹೋದ ಹೆಂಗಸಿಗೆ ‘ನಿಂದು ತಪ್ಪಿರಲಿಲ್ಲ’ ಅಂತ ಯಾರಾದ್ರೂ ಹೇಳಿದ್ರಾ? ನಾವು ಕೇಳಿದ್ರೆ ಅಧಿಕಪ್ರಸಂಗ ಆಗುತ್ತೆ. ನೀವು ಪೇಪರಿನವರು, ಒಂಚೂರು ವಿಚಾರಿಸಿ.”

ವಿಚಾರಿಸಿದೆ. ಮೇಲ್ವಿಚಾರಕಿ, “ನಾನೇ ಅವಳ ಮನೆಗೆ ಹೋಗಿದ್ದೆ. ಸೋಮವಾರದಿಂದ ಬರ್ತಾಳೆ,” ಎಂದರು. ಅದನ್ನು ದೊಡ್ಡಕ್ಕನಿಗೆ ಫೋನಿನಲ್ಲಿ ತಿಳಿಸಿದೆ.

“ಬರ್ತಾಳಂತಾ?” ಎಂದರು. “ಈ ಸೋಮವಾರಾನಾ?” ಹೌದು ಎಂದೆ.

ಬಗ್ಗಿ ಕೇಳಬೇಕಾಗಿದ್ದ ದನಿಯ ಅದೇ ಹೆಂಗಸು ನನ್ನ ಕಿವಿ ಗುಯ್ಗುಡುವಂತೆ, ಇಡೀ ಲಾಂಡ್ರಿಗೆ ಕೇಳುವಂತೆ ಕೂಗಿದರು: “ಯಜಮಾನ್ರೇ! ಲೇ ನಾದಿನಿ! ಎಲ್ಲಾ ಮಿಷನ್ ನಿಲ್ಸ್ರೋ ಒಂದ್ನಿಮಿಷ! ಆಯಮ್ಮ ವಾಪಸ್ ಬರ್ತಾಳಂತೆ!”