ಖಾಲಿ ಪುಟದ ತಳದಲ್ಲೊಂದು ಸಹಿ

ಹನ್ನೊಂದು ವರ್ಷ ಬಸವರಾಜೇಶ್ವರಿ ಶಿವಮೊಗ್ಗದ ನವುಲೆಯಿಂದ ಭದ್ರಾವತಿಗೆ ಬಸ್ಸಿನಲ್ಲಿ ಹೋಗಿ ರಾಜ್ಯಶಾಸ್ತ್ರ ಪಾಠ ಹೇಳಿದಳು. ಖಾಸಗಿ ಕಾಲೇಜು, ಕಾಯಂ ಅಲ್ಲದ ಕೆಲಸ. ಪ್ರತಿ ವರ್ಷ ಆಡಳಿತ ಮಂಡಳಿಯ ಕಾರ್ಯದರ್ಶಿ ಭೂತಪ್ಪ ಮನಸ್ಸು ಮಾಡಿದರೆ ಮುಂದುವರಿಕೆ, ಇಲ್ಲದಿದ್ದರೆ ಮನೆ.

ಅಮೆರಿಕದ ಸಂವಿಧಾನ ಹೇಳುವಾಗ ಅವಳಿಗೆ ಮೈಮೇಲೆ ಬಂದಂತಾಗುತ್ತಿತ್ತು. ಕಾನೂನು ಮಾಡುವುದು ಕಾಂಗ್ರೆಸ್ಸು ಎಂಬ ಅಲ್ಲಿನ ಸಂಸತ್ತು, ಜಾರಿಗೆ ತರುವುದು ಅಧ್ಯಕ್ಷ, ತೂಗಿ ನೋಡುವುದು ನ್ಯಾಯಾಲಯ. ಅಧ್ಯಕ್ಷ ಮಸೂದೆ ತಳ್ಳಿಹಾಕಬಹುದು. ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಮತ ಬಿದ್ದರೆ ಅವನ ಮಾತೂ ನಡೆಯದು. "ಯಾಕಿಷ್ಟು ಕೊಕ್ಕೆ ಗೊತ್ತೇನ್ರೋ? ಬರೆದೋರಿಗೆ ತಮ್ಮ ಮೇಲೇ ನಂಬಿಕೆ ಇರ್ಲಿಲ್ಲ. ಅದೇ ಅವರ ಬುದ್ಧಿ."

ಅವಳ ಬುದ್ಧಿ ಆ ಶುಕ್ರವಾರ ಎಲ್ಲಿ ಹೋಗಿತ್ತೋ. ಶಿಸ್ತು ಸಮಿತಿ ಸಭೆಗೆ ಕರೆದರು. ಸದಸ್ಯರು ಮೂವರು: ಭೂತಪ್ಪ, ಅವಳು, ಇತಿಹಾಸದ ಮೇಷ್ಟ್ರು ವಾದಿರಾಜ. ಇಬ್ಬರು ಒಪ್ಪಿದರೆ ತೀರ್ಮಾನ. ನಡಾವಳಿ ಪುಸ್ತಕ ಮುಂದೆ ಬಂತು. ಹಾಜರಿಗೆಂದು ಪುಟದ ತಳದಲ್ಲಿ ಸಹಿ ಹಾಕಿಬಿಟ್ಟಳು. ಮೇಲೆಲ್ಲ ಖಾಲಿ. ನಮ್ಮ ಸಂಘ, ಸೊಸೈಟಿ, ಕಾಲೇಜುಗಳ ರೂಢಿಯೇ ಇದು: ಮೊದಲು ಸಹಿ, ಆಮೇಲೆ ಟೀ, ಕೊನೆಗೆ ಯಾರೋ ಒಬ್ಬ ಕೂತು ಎಲ್ಲರ ತೀರ್ಮಾನ ಬರೆಯುವುದು. ಇದಕ್ಕೆ ಸಭೆ ಎನ್ನಲು ನಮಗೆ ನಾಚಿಕೆಯಿಲ್ಲ.

ಸಹಿ ಬಿದ್ದ ಮೇಲೆ ಭೂತಪ್ಪ ವಿಷಯ ತೆಗೆದ. ಗಾಜನೂರಿನ ಹುಡುಗಿ ಇಂಪನಾ, ಬಿ.ಎ. ಕೊನೆಯ ವರ್ಷ, ಹಾಸ್ಟೆಲ್ಲಿನ ಕುಡಿಯುವ ನೀರಿನ ಟ್ಯಾಂಕಿನಲ್ಲಿ ಹುಳು ಹರಿಯುವುದನ್ನು ವಿಡಿಯೊ ಮಾಡಿ ವಾಟ್ಸಾಪಿಗೆ ಹಾಕಿದ್ದಳು. ಸೋಮವಾರದ ಪರೀಕ್ಷೆಗೆ ಅವಳನ್ನು ಕೂರಿಸಬಾರದು ಎಂದ.

"ಯಾವ ರೂಲ್ ಪ್ರಕಾರ ಸರ್?"

"ಕ್ಯಾಂಪಸ್ಸಲ್ಲಿ ವಿಡಿಯೊ ಮಾಡಂಗಿಲ್ಲ ಅಂತ ಸರ್ಕ್ಯುಲರ್ ಇದೆಯಲ್ರೀ."

"ಅದು ಬುಧವಾರದ್ದು. ಅವ್ಳು ಹಾಕಿದ್ದು ಮಂಗಳವಾರ."

"ಮೇಡಮ್ಮೋರೆ, ವಾರ ತಿಥಿ ಎಲ್ಲಾ ಪಂಚಾಂಗದೋರಿಗೆ ಬಿಡಿ."

"ಸರ್ಕ್ಯುಲರ್ ಬರೆದೋರು ನೀವು. ದೂರು ಕೊಟ್ಟೋರು ನೀವು. ತೀರ್ಪೂ ನಿಮ್ದೇನಾ?"

"ಮತ್ತೆ? ಅಮೆರಿಕದಿಂದ ಕರೆಸ್ಲಾ?"

ವಾದಿರಾಜ ಟೀ ಲೋಟದೊಳಗೆ ಮುಖ ಇಟ್ಟ.

"ಅಲ್ಲಿ ಮೇಲ್ಮನೆ ಸೆನೆಟ್ಟು ಅಧ್ಯಕ್ಷನ್ನ ವಿಚಾರಣೆ ಮಾಡೋವಾಗ, ಬೇರೆ ದಿನ ಪೀಠದಲ್ಲಿ ಕೂರೋ ಉಪಾಧ್ಯಕ್ಷನ್ನ ಕೂರಿಸಲ್ಲ ಸರ್," ಎಂದಳು ಬಸವರಾಜೇಶ್ವರಿ. " ಅಧ್ಯಕ್ಷ ಬಿದ್ರೆ ಕುರ್ಚಿ ಅವನಿಗೇ ತಾನೆ? ಮುಖ್ಯ ನ್ಯಾಯಮೂರ್ತಿ ಬಂದು ಕೂರ್ತಾರೆ. ಇನ್ನು ಆಮೇಲೆ ಕಾನೂನು ಮಾಡಿ ಹಿಂದಿನದಕ್ಕೆ ಶಿಕ್ಷೆ ಕೊಡೋದು, ಅದು ಅಲ್ಲೂ ಇಲ್ಲ, ನಮ್ ಸಂವಿಧಾನದಲ್ಲೂ ಇಲ್ಲ."

"ಪಾಠ ಮುಗೀತಲ್ಲ? ನಿಮ್ ಸಹಿ ಆಗಿದೆ. ಮೇಲೆ ಬರೆಯೋದು ನಾನ್ ಬರ್ಕೊಳ್ತೀನಿ."

ಅವಳು ಪುಟದ ತಳದ ತನ್ನ ಸಹಿ ನೋಡಿದಳು. ಅದೇ ವಾರ ತಾನೇ ಹೇಳಿದ ಪಾಠ! 1787ರ ಸೆಪ್ಟೆಂಬರ್, ಫಿಲಡೆಲ್ಫಿಯದಲ್ಲಿ ಅಮೆರಿಕದ ಸಂವಿಧಾನಕ್ಕೆ ಸಹಿ ಬೀಳುವ ದಿನ. ಒಪ್ಪದವರ ಸಹಿಯನ್ನೂ ಗಿಟ್ಟಿಸಲು ಹಿರಿಯರು ಜಾಣ ಒಕ್ಕಣೆ ಹೊಸೆದಿದ್ದರು: ಹಾಜರಿದ್ದ ರಾಜ್ಯಗಳ ಒಮ್ಮತಕ್ಕೆ ಇದು ಸಾಕ್ಷಿ, ಅಷ್ಟೇ. ಆದರೂ ಅಲ್ಲಿದ್ದ ಮೂವರು ಸಹಿ ಹಾಕಲಿಲ್ಲ. ಜನರ ಹಕ್ಕುಗಳ ಪಟ್ಟಿ ಎಲ್ಲಿ ಎಂದು ಅವರಲ್ಲೊಬ್ಬ, ಮೇಸನ್, ಕೇಳಿದ್ದ. ಗುಲಾಮರನ್ನು ಇಟ್ಟುಕೊಂಡಿದ್ದ ಅವನೇನು ಸಂತನಲ್ಲ, ಆದರೂ ಕೇಳಿದ್ದ. ಸರ್ಕಾರಕ್ಕೆ ಕೊಡದ ಅಧಿಕಾರಕ್ಕೆ ಬೇಲಿ ಯಾಕೆ ಎಂದರು ಉಳಿದವರು. ಜಗಳ ರಾಜ್ಯ ರಾಜ್ಯಕ್ಕೂ ಹಬ್ಬಿ, ನಾಲ್ಕು ವರ್ಷದ ಮೇಲೆ ಪಟ್ಟಿ ಸೇರಿತು.

"ಪುಸ್ತಕ ಇಲ್ಲಿ ಕೊಡಿ ಸರ್, ತಾರೀಖು ಹಾಕಿಲ್ಲ."

ಭೂತಪ್ಪ ತಳ್ಳಿದ. ಅವಳು ಖಾಲಿ ಜಾಗದ ನೆತ್ತಿಯಿಂದ ತಳದವರೆಗೆ ಓರೆಯಾಗಿ ಗೆರೆ ಎಳೆದು, ಸಹಿಯ ಕೆಳಗೆ ಬರೆದಳು: 'ಇದು ಹಾಜರಿ ಮಾತ್ರ. ದೂರುದಾರರೇ ತೀರ್ಪು ಕೊಡುವುದಕ್ಕೆ ನನ್ನ ಒಪ್ಪಿಗೆ ಇಲ್ಲ.' ಮೊಬೈಲ್ ತೆಗೆದು ಪುಟದ ಫೋಟೊ ಹಿಡಿದಳು.

"ಏಯ್, ಇಲ್ಲಿ ಫೋಟೊ ತೆಗಿಯಂಗಿಲ್ಲ!"

"ಸರ್ಕ್ಯುಲರಲ್ಲಿ ವಿಡಿಯೊ ಅಂತ ಮಾತ್ರ ಇದೆ ಸರ್."

ಭೂತಪ್ಪ ಪುಸ್ತಕ ಕಿತ್ತುಕೊಂಡು ಹೊಸ ಪುಟ ತಿರುವಿ ವಾದಿರಾಜನ ಮುಂದಿಟ್ಟ. "ನೀವು ಹಾಕಿ ಮೇಷ್ಟ್ರೆ. ಇಬ್ರು ಸಾಕು."

ವಾದಿರಾಜನಿಗೆ ನಿವೃತ್ತಿಗೆ ಇನ್ನೆರಡು ವರ್ಷ. ಪೆನ್ನಿನ ಮುಚ್ಚಳ ತೆಗೆದ, ಹಾಕಿದ, ಮತ್ತೆ ತೆಗೆದ. ಬಸವರಾಜೇಶ್ವರಿ ಅವನ ಬೆರಳುಗಳನ್ನೇ ನೋಡುತ್ತಿದ್ದಳು.

"ಮೊದ್ಲು ಮೇಲೆ ಬರೀರಿ ಭೂತಪ್ಪನೋರೆ," ಎಂದ ಕೊನೆಗೆ, ದನಿ ಕೇಳಿತೋ ಇಲ್ಲವೋ ಎಂಬಂತೆ. "ಓದ್ತೀನಿ. ಆಮೇಲೆ ನೋಡಣ."

ಬರೆದರೆ ಸರ್ಕ್ಯುಲರಿನ ತಾರೀಖೂ ಬರೆಯಬೇಕು. ಬರೆದು ತೋರಿಸುವ ಧೈರ್ಯ ಭೂತಪ್ಪನಿಗೆ ಇರಲಿಲ್ಲ; ಪುಸ್ತಕ ಮುಚ್ಚಿದ.

ಸೋಮವಾರ ಇಂಪನಾ ಪರೀಕ್ಷೆ ಬರೆದಳು. ಕೊಠಡಿ ಮೇಲ್ವಿಚಾರಕರ ಪಟ್ಟಿಯಲ್ಲಿ ಬಸವರಾಜೇಶ್ವರಿಯ ಹೆಸರಿರಲಿಲ್ಲ. ಇನ್ನು ಯಾವ ಪಟ್ಟಿಯಲ್ಲೂ ಇರುವುದಿಲ್ಲವೆಂದು ಅವಳಿಗೆ ಗೊತ್ತಾಯಿತು. ಆದರೂ ಇಂಪನಾಳ ಕೈಗೆ ಪ್ರಶ್ನೆಪತ್ರಿಕೆ ಸೇರುವವರೆಗೆ ಅವಳು ಹಾಲ್‌ನ ಬಾಗಿಲು ಬಿಟ್ಟು ಕದಲಲಿಲ್ಲ.