ಪಕ್ಕದ ಮನೆಯವರನ್ನು ವಿಚಾರಿಸುತ್ತಿದ್ದ ಜಯಕರ ಅಂಕಲ್

ಜಯಕರ ಅಂಕಲ್ ಯಾರನ್ನೂ ‘ಹೇಗಿದ್ದೀರಿ’ ಎಂದು ಕೇಳುತ್ತಿರಲಿಲ್ಲ. ‘ನಿಮ್ಮ ಪಕ್ಕದ ಮನೆಯವರು ಹೇಗಿದ್ದಾರೆ?’ ಎನ್ನುತ್ತಿದ್ದರು. ನಾನು ಕೆಲಸಕ್ಕೆ ಸೇರಿದ ದಿನ ನನ್ನನ್ನೂ ಹಾಗೇ ಕೇಳಿದರು. ನಾನು ಮೈಸೂರಿನವಳು, ಬಾಯಿ ಸುಮ್ಮನಿರುವುದಿಲ್ಲ. ‘ಅವರನ್ನೇ ಕೇಳಿ ಅಂಕಲ್, ಅಡ್ರೆಸ್ ಕೊಡ್ತೀನಿ’ ಎಂದೆ. ಅವರು ನಗಲಿಲ್ಲ. ‘ನೀನು ಅವರ ವಿಷಯ ಹೇಳು. ಅದರಲ್ಲಿ ನಿನ್ನ ವಿಷಯ ಗೊತ್ತಾಗ್ತದೆ’ ಎಂದರು. ಈ ಮನುಷ್ಯನಿಗೆ ಸ್ಕ್ರೂ ಸ್ವಲ್ಪ ಲೂಸು ಎಂದುಕೊಂಡೆ.

ತೊಂಬತ್ತರ ದಶಕ. ಸಿಂಗಪುರದ ಪಾಯಾ ಲೆಬಾರ್‌ನಲ್ಲಿ ನಮ್ಮ ಆಫೀಸು. ಬ್ರಿಟನ್ನಿನಲ್ಲಿ ಮನೆಮನೆಗೆ ಹೋಗಿ ಜನರ ಅಭಿಪ್ರಾಯ ಕೇಳಿ ಬರೆದುಕೊಂಡ ಹಾಳೆಗಳು ಕಟ್ಟುಕಟ್ಟಾಗಿ ವಿಮಾನದಲ್ಲಿ ನಮ್ಮಲ್ಲಿಗೆ ಬರುತ್ತಿದ್ದವು. ಹೌದು, ಇಲ್ಲ ಎಂಬ ಉತ್ತರಗಳಾದರೆ ಸಲೀಸು. ಜನ ತಮ್ಮದೇ ಮಾತಿನಲ್ಲಿ ಉದ್ದಕ್ಕೆ ಹೇಳಿದ್ದನ್ನು ಓದಿ, ಅದು ಯಾವ ಬಗೆಯ ಉತ್ತರ ಎಂದು ತೀರ್ಮಾನಿಸಿ, ಒಂದು ನಂಬರ್ ಹಾಕುವುದು ನಮ್ಮ ಕೆಲಸ. ಅದಕ್ಕೆ ಕೋಡ್ ಹಾಕುವುದು ಎನ್ನುತ್ತಿದ್ದೆವು. ಅಂಕಲ್ ನಮ್ಮ ಸೆಕ್ಷನ್ನಿಗೆ ಹಿರಿಯರು. ಕಾಪುವಿನ ಕಡೆಯವರು. ಹೆಂಡತಿ ತೀರಿಕೊಂಡ ಮೇಲೆ ಒಬ್ಬಳೇ ಮಗಳು ನಂದಿನಿಯನ್ನು ಸೆರಂಗೂನಿನ ಫ್ಲ್ಯಾಟಿನಲ್ಲಿ ತಾವೇ ಸಾಕಿ ಬೆಳೆಸಿದವರು. ತಿಂಡಿ ಅಂಗಡಿಗಳ ಸಾಲಾದ ಹಾಕರ್ ಸೆಂಟರಿನಿಂದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಸಿ ತಂದ ಕಾಫಿಯನ್ನು ಮೇಜಿನ ಕೊಕ್ಕೆಗೆ ನೇತುಹಾಕಿ, ಆಗಾಗ ಬಗ್ಗಿ ಸ್ಟ್ರಾದಲ್ಲಿ ಒಂದೊಂದು ಗುಟುಕು ಎಳೆಯುತ್ತ, ಒಳ್ಳೆಯ ಉತ್ತರ ಸಿಕ್ಕಿದಾಗ ನಮಗೆಲ್ಲ ಗಟ್ಟಿಯಾಗಿ ಓದಿ ಹೇಳುತ್ತಿದ್ದರು.

‘ನೋಡು ಮಾರಾಯ್ತಿ, ಆಸ್ಪತ್ರೆ ಸುಧಾರಿಸ್ಬೇಕು, ಅದಕ್ಕೆ ಬೇಕಾದ್ರೆ ಹೆಚ್ಚು ತೆರಿಗೆ ಕೊಡ್ತೇವೆ ಅಂತಾರೆ. ಓಟು ಹಾಕುವಾಗ ತೆರಿಗೆ ಕಮ್ಮಿ ಮಾಡುವವರಿಗೇ ಹಾಕ್ತಾರೆ.’

‘ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಅನ್ನಿ’ ಎಂದೆ ನಾನು.

‘ಅನ್ಬಹುದು. ಆದ್ರೆ ಬದನೆಕಾಯಿಗೆ ನಮ್ಮಲ್ಲಿ ಕೋಡ್ ಇಲ್ಲ. ಬಾಗಿಲಿಗೆ ಬಂದು ಕೇಳಿದವರ ಎದುರು ಒಳ್ಳೆಯವರಾಗಿ ಕಾಣ್ಬೇಕು ಅಂತ ಯಾರಿಗೆ ಇಲ್ಲ ಹೇಳು?’

ಅವರಿಗೆ ಬಹಳ ಇಷ್ಟವಾದ ಪ್ರಶ್ನೆ ಒಂದಿತ್ತು. ನಿಮ್ಮ ಪಕ್ಕದ ಮನೆಗೆ ಏಷ್ಯಾದ ಒಂದು ಕುಟುಂಬ ಬಂದರೆ ನಿಮ್ಮದೇನಾದರೂ ತಕರಾರು ಉಂಟೆ? ಇಲ್ಲವೇ ಇಲ್ಲ ಎಂದು ಹೆಚ್ಚಿನವರು ಹೇಳುತ್ತಿದ್ದರು. ಅದರ ಕೆಳಗೇ ಇನ್ನೊಂದು ಪ್ರಶ್ನೆ: ನಿಮ್ಮ ಬೀದಿಯ ಬೇರೆಯವರಿಗೆ? ಅವರಿಗೆ ಆಗಿಬರುವುದಿಲ್ಲ ಎಂದು ಅದೇ ಜನ ಬೇಸರದಿಂದ ಹೇಳುತ್ತಿದ್ದರು. ‘ಇಡೀ ಬೀದಿಯವರು ಒಳ್ಳೆಯವರು, ಎಲ್ಲರ ಪಕ್ಕದ ಮನೆಯವರೂ ಕೆಟ್ಟವರು. ಹಾಗಾದ್ರೆ ಆ ಕೆಟ್ಟವರು ಇರುವುದೆಲ್ಲಿ ಮಾರಾಯ್ತಿ?’ ಎಂದು ಅಂಕಲ್ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು. ಅವರ ವಿಚಿತ್ರ ಕುಶಲಪ್ರಶ್ನೆ ಹುಟ್ಟಿದ್ದು ಅಲ್ಲಿಂದ ಎಂದು ನನಗೆ ಆಗ ತಿಳಿಯಿತು.

ಆ ನಗು ನಿಂತದ್ದು ನಂದಿನಿಯ ಮದುವೆಯಾದ ಮೇಲೆ. ಹುಡುಗ ಇಂಗ್ಲೆಂಡಿನ ಉತ್ತರದ ಒಂದು ಊರಿನಲ್ಲಿ ಡಾಕ್ಟರು, ಮಂಗಳೂರಿನವನು, ಬಂಗಾರದಂಥವನು. ಅಂಕಲ್ ತಾವೇ ಹೋಗಿ ಮಗಳನ್ನು ಬಿಟ್ಟು ಬಂದರು. ಬಂದವರು ಉತ್ತರಗಳನ್ನು ಗಟ್ಟಿಯಾಗಿ ಓದುವುದನ್ನು ನಿಲ್ಲಿಸಿದರು. ಮಗಳಿದ್ದ ಊರಿನ ಕಡೆಯ ಕಟ್ಟು ಬಂದರೆ ಬೇರೆಯವರಿಗೆ ಮುಟ್ಟಲು ಬಿಡುತ್ತಿರಲಿಲ್ಲ. ಮೊದಲು ಅದು ಕೇವಲ ಜನಾಭಿಪ್ರಾಯವಾಗಿತ್ತು. ಈಗ ಮಗಳ ಬಾಗಿಲ ಆಚೆ ಯಾರು ನಿಂತಿದ್ದಾರೆ ಎಂಬುದಾಗಿತ್ತು.

ಒಂದು ಮಧ್ಯಾಹ್ನ ಅವರು ನನ್ನ ಮೇಜಿಗೆ ಒಂದು ಹಾಳೆ ತಂದರು. ‘ಇದಕ್ಕೆ ಯಾವ ಕೋಡ್ ಹಾಕ್ತಿ?’ ಮಗಳ ಊರಿನದೇ ಹಾಳೆ. ಪಕ್ಕದ ಮನೆಗೆ ಏಷ್ಯಾದವರು ಬಂದರೆ ಎಂಬ ಪ್ರಶ್ನೆಗೆ ಯಾರೋ ಹೇಳಿದ್ದರು: ‘ದಿನಾ ಗುಡ್ ಮಾರ್ನಿಂಗ್ ಹೇಳುತ್ತೇನೆ. ಅವರು ಮನೆ ಬಿಟ್ಟು ಹೋಗುವವರೆಗೆ ಕಾಯುತ್ತೇನೆ.’ ಎರಡು ಸಲ ಓದಿದೆ. ಬೈಗುಳಕ್ಕೆ ಕೋಡ್ ಇತ್ತು, ಸ್ವಾಗತಕ್ಕೆ ಇತ್ತು. ‘ಇತರೆ ಅಂತ ಹಾಕಿಬಿಡಿ ಅಂಕಲ್’ ಎಂದೆ. ಅವರು ಹಾಳೆಯನ್ನು ವಾಪಸ್ ತೆಗೆದುಕೊಂಡರು. ‘ಬೈಯುವವನನ್ನು ನೋಡಿದ ಕೂಡಲೇ ಗೊತ್ತಾಗ್ತದೆ. ಇವನನ್ನು ನಂದಿನಿ ಹೇಗೆ ಗುರುತು ಹಿಡಿಯುವುದು?’ ಎಂದರು.

ಅದೇ ವಾರದ ಭಾನುವಾರ ರಾತ್ರಿ ಊಟಕ್ಕೆಂದು ಅವರ ಮನೆಗೆ ಹೋಗಿದ್ದೆ. ಊಟ ಮುಗಿಸಿ ಅವರು ಮಗಳಿಗೆ ಫೋನ್ ಮಾಡಿದರು. ತುಳುವಿನ ಮಾತು, ನನಗೆ ಅರ್ಧಂಬರ್ಧ ತಿಳಿಯುತ್ತಿತ್ತು. ಅಕ್ಕಪಕ್ಕದವರು ಹೇಗಿದ್ದಾರೆ ಎಂದು ಕೇಳಿದ್ದು ಮಾತ್ರ ತಿಳಿಯಿತು. ಫೋನ್ ಇಟ್ಟ ಮೇಲೆ ಅವರು ಸೋಫಾದ ತುದಿಯಲ್ಲಿ ಕುಳಿತರು.

‘ಏನಂತೆ ಅಂಕಲ್?’

‘ಅವಳಿಗೆ ಎಂತದೂ ತೊಂದರೆ ಇಲ್ವಂತೆ. ಎಲ್ಲರೂ ಒಳ್ಳೆಯವರಂತೆ. ಬೀದಿಯ ಕೊನೆ ಮನೆಯಲ್ಲಿ ಒಬ್ರು ಗುಜರಾತಿನವರು ಇದ್ದಾರಂತೆ, ಪಾಪ, ಅವರ ಕಿಟಕಿಗೆ ಯಾರೋ ಕಲ್ಲು ಹೊಡೀತಾರಂತೆ.’

‘ಸದ್ಯ, ನಂದಿನಿ ಮನೆಗಲ್ವಲ್ಲ’ ಎಂದೆ.

ಅಂಕಲ್ ನನ್ನ ಮುಖ ನೋಡಿದರು. ‘ನಾನು ಆ ಬೀದಿ ನೋಡಿದ್ದೇನೆ. ಕೊನೆ ಮನೆ ಅವಳದ್ದೇ.’

ಅವರು ಮತ್ತೆ ಫೋನ್ ತಿರುಗಿಸಿದರು, ಈ ಸಲ ಮಗಳನ್ನು ನೇರವಾಗಿ ಕೇಳಿದರು. ಅವಳು ಅಳುವುದು ನನಗೂ ಕೇಳಿಸಿತು. ಅಳು ತಿಳಿಯಲು ತುಳು ಬರಬೇಕೆಂದಿಲ್ಲ. ಗಂಡ ರಾತ್ರಿ ಡ್ಯೂಟಿಗೆ ಹೋದಾಗಲೇ ಕಲ್ಲು ಬೀಳುತ್ತಿತ್ತು. ಬೆಳಿಗ್ಗೆ ಎದ್ದರೆ ಬೀದಿಯವರೆಲ್ಲ ನಗುನಗುತ್ತ ಮಾತಾಡಿಸುತ್ತಿದ್ದರು. ಪೊಲೀಸರು ಬಂದು ವಿಚಾರಿಸಿದರೆ ಈ ಬೀದಿಯಲ್ಲಿ ಅಂಥವರು ಯಾರೂ ಇಲ್ಲ ಎಂದು ಎಲ್ಲರೂ ಹೇಳಿದರಂತೆ. ಗಂಡನ ಕೆಲಸದ ಒಪ್ಪಂದ ಮುಗಿಯುವವರೆಗೆ ಊರು ಬಿಡುವ ಹಾಗಿರಲಿಲ್ಲ, ಗಂಡನನ್ನು ಬಿಟ್ಟು ಅಪ್ಪನ ಮನೆಗೆ ಬರಲು ಅವಳು ಒಪ್ಪಲಿಲ್ಲ.

ಅಂಕಲ್ ಕೆಲಸ ಬಿಟ್ಟರು. ಅವಳ ಜೊತೆ ಇರುತ್ತೇನೆಂದು ಹೊರಟವರು ಮತ್ತೆ ಸಿಂಗಪುರಕ್ಕೆ ಬರಲಿಲ್ಲ. ಕೆಲವು ವರ್ಷಗಳ ಮೇಲೆ ಅಲ್ಲೇ ಹೃದಯಾಘಾತವಾಗಿ ತೀರಿಕೊಂಡರೆಂದು ನಂದಿನಿ ತಿಳಿಸಿದಳು. ಅವರನ್ನು ನಾನು ಕಡೆಯ ಸಲ ನೋಡಿದ್ದು ಅವರು ಹೊರಟ ದಿನ, ಚಾಂಗಿ ವಿಮಾನ ನಿಲ್ದಾಣದಲ್ಲಿ.

ಸೂಟ್‌ಕೇಸಿನ ತೂಕ ಜಾಸ್ತಿಯಾಗಿ ಅದನ್ನು ಅಲ್ಲೇ ನೆಲದ ಮೇಲೆ ಬಿಚ್ಚಬೇಕಾಯಿತು. ಹಪ್ಪಳ, ಉಪ್ಪಿನಕಾಯಿ ಇರುತ್ತದೆಂದುಕೊಂಡಿದ್ದೆ. ಬೆಡ್‌ಶೀಟಿನಲ್ಲಿ ಸುತ್ತಿದ ಕಬ್ಬಿಣದ ಜಾಲರಿ ಇತ್ತು, ಕಿಟಕಿಗೆ ಒಳಗಡೆಯಿಂದ ಹೊಡೆಯುವಂಥದ್ದು.

‘ಅಲ್ಲೇನು ಇದು ಸಿಗಲ್ವಾ ಅಂಕಲ್?’ ಎಂದು ಗದರಿದೆ.

‘ಸಿಗ್ತದೆ. ಅಲ್ಲಿ ಅಂಗಡಿಯಲ್ಲಿ ಕೇಳಿದ್ರೆ ಯಾವ ಮನೆಯವರು ಹೆದರಿದ್ದಾರೆ ಅಂತ ಊರಿಗೇ ಗೊತ್ತಾಗ್ತದೆ.’

ತಮ್ಮ ಬಟ್ಟೆಗಳನ್ನೆಲ್ಲ ತೆಗೆದು ನನ್ನ ಕೈಗೆ ಕೊಟ್ಟು, ಜಾಲರಿಯನ್ನು ಮತ್ತೆ ಒಳಗಿಟ್ಟು ಮುಚ್ಚಿದರು. ಸೂಟ್‌ಕೇಸ್ ಹಿಡಿದು ಎದ್ದರು. ನಾನು ತೋಳು ಹಿಡಿದುಕೊಂಡೆ.

‘ನಿಮಗೆ ಭಯ ಆಗಲ್ವಾ ಅಂಕಲ್?’

‘ಆಗ್ತದೆ’ ಎಂದರು. ‘ತುಂಬಾ ಆಗ್ತದೆ ಮಾರಾಯ್ತಿ. ಮಗಳ ಹತ್ರ ಮಾತ್ರ ಸ್ವಲ್ಪವೂ ಇಲ್ಲ ಅಂತ ಹೇಳಿದ್ದೇನೆ.’